ಕಾಸರಗೋಡಿನ ಊರ ಹೆಸರುಗಳ ಮೇಲೆ ಫಝಿಂಗ್ ಪ್ರಯೋಗ ಮಾಡುವ ಕ್ರಮ

ಪೆರಿಯದಲ್ಲೋ ಪೊವ್ವಲ್‌ನಲ್ಲೋ ಓದುತ್ತಾ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಸಂಶೋಧನೆಗೆ ಇಳಿಯುವವರಿಗೆ ಒಳ್ಳೆಯ ವಿಷಯ ಕೈಯಳತೆಯಲ್ಲೇ ಇದೆ: ಕನ್ನಡ, ಮಲಯಾಳ ಎರಡರಲ್ಲೂ ಊರ ಹೆಸರು ಹುಡುಕುವ ಸಿ ಪ್ರೋಗ್ರಾಂ. ಅಂಥ ಪ್ರೋಗ್ರಾಂಗೆ ಬದಲಿಸಿದ, ಕೆಡಿಸಿದ ಇನ್‌ಪುಟ್‌ಗಳನ್ನು ಯಂತ್ರದಿಂದಲೇ ಎಡೆಬಿಡದೆ ಕೊಟ್ಟು ದೋಷ ಹುಡುಕುವುದೇ ಫಝಿಂಗ್. ಆ ಕೆಲಸದ ಸಾಧನ ಫಝರ್, ಅದರೊಳಗೆ ಇನ್‌ಪುಟ್ ಬದಲಿಸುವ ಭಾಗ ಮ್ಯುಟೇಟರ್.

ಮೊದಲು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಉದಾಹರಣೆಗೆ: ಬೈಟ್ ಬದಲಿಸುವ ಮ್ಯುಟೇಟರ್‌ಗಿಂತ ಅಕ್ಷರ ಬದಲಿಸುವ ಮ್ಯುಟೇಟರ್ ಹೆಚ್ಚು ದೋಷ ಹಿಡಿಯುತ್ತದೆಯೇ? ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೆ (ಅಕ್ಷರಕ್ಕೋ ಚಿಹ್ನೆಗೋ ಯೂನಿಕೋಡ್ ಕೊಟ್ಟ ಸಂಖ್ಯೆಗೆ) 3 ಬೈಟ್ ಬೇಕು. ಎಲ್ಲೆಂದರಲ್ಲಿ ಬೈಟ್ ಕೆಡಿಸಿದರೆ ಬಹಳಷ್ಟು ಇನ್‌ಪುಟ್ ಬೈಟ್‌ಗಳನ್ನು ಅಕ್ಷರವಾಗಿ ಓದುವ ಡಿಕೋಡರ್‌ನಲ್ಲೇ ತಿರಸ್ಕೃತವಾಗುತ್ತದೆ, ಹುಡುಕುವ ಭಾಗದವರೆಗೆ ಹೋಗುವುದೇ ಇಲ್ಲ. ಎಎಫ್‌ಎಲ್‌ಪ್ಲಸ್‌ಪ್ಲಸ್ ಎಂಬ ಫಝರ್‌ಗೆ ನಿಮ್ಮದೇ ಮ್ಯುಟೇಟರ್ ಜೋಡಿಸಬಹುದು. ಸ್ವರಚಿಹ್ನೆ ಬದಲಿಸುವುದು, ವಿರಾಮ (ಅರ್ಧಾಕ್ಷರದ ಚಿಹ್ನೆ) ಸೇರಿಸುವುದು, ಚಿಹ್ನೆ ಒಡೆಯುವುದು, ಇಷ್ಟರಿಂದ ಶುರು ಮಾಡಿ. ಬೀಜಕ್ಕೆ, ಅಂದರೆ ಫಝರ್ ಬದಲಿಸುತ್ತಾ ಹೋಗುವ ಮೊದಲ ಇನ್‌ಪುಟ್‌ಗೆ, ಮಂಜೇಶ್ವರ, ಕುಂಬಳೆ, ಎಣ್ಮಕಜೆಯಂಥ ಹೆಸರು ಸಾಕು. ಬೈಟ್ ಬದಲಿಸುವುದು, ಅಕ್ಷರ ಬದಲಿಸುವುದು, ಈ ಎರಡೂ ಫಝರ್‌ಗಳಿಗೆ ಒಂದೇ ಬೀಜ ಕೊಡಬೇಕು.

ಕ್ರ್ಯಾಷ್ ಹಿಡಿಯಲು ಮೆಮೊರಿಯ ತಪ್ಪು ಬಳಕೆಯನ್ನು ಪತ್ತೆಹಚ್ಚುವ ಅಡ್ರೆಸ್ ಸ್ಯಾನಿಟೈಜರ್ ಸೇರಿಸಿ ಕಂಪೈಲ್ ಮಾಡಿ. ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆದರೂ ಬಿಡಬೇಡಿ. ಆದರೆ ತಪ್ಪು ಉತ್ತರ ಕೊಟ್ಟು ಸುಮ್ಮನಿರುವ ಪ್ರೋಗ್ರಾಂ ಕ್ರ್ಯಾಷ್ ಆಗುವುದಿಲ್ಲ. ಈ ಪ್ರಯೋಗದ ಸತ್ವ ಇರುವುದೇ ಅಲ್ಲಿ.

‘ಕಾಸರಗೋಡು’ ತೆಗೆದುಕೊಳ್ಳಿ. ಸಾಮಾನ್ಯವಾಗಿ ಟೈಪ್ ಮಾಡಿದರೆ 8 ಕೋಡ್ ಪಾಯಿಂಟ್, 24 ಬೈಟ್. ‘ಗೋ’ದ ಓತ್ವವನ್ನು ಮೂರು ಚಿಹ್ನೆಗಳಾಗಿ ಒಡೆದು ಬರೆದರೆ 10 ಕೋಡ್ ಪಾಯಿಂಟ್, 30 ಬೈಟ್. ಪರದೆಯಲ್ಲಿ ಎರಡೂ ಒಂದೇ. ಆದ್ದರಿಂದ ಎರಡು ರೂಪಗಳಿಗೂ ಒಂದೇ ಫಲಿತಾಂಶ ಬರಬೇಕೆಂಬ ಸಂಬಂಧವನ್ನು ಪರೀಕ್ಷೆಯಾಗಿ ಬರೆಯಿರಿ. ಇದಕ್ಕೆ ಮೆಟಮಾರ್ಫಿಕ್ ಟೆಸ್ಟಿಂಗ್ ಎನ್ನುತ್ತಾರೆ. ಮಲಯಾಳದ ಚಿಲ್ಲಕ್ಷರಗಳಲ್ಲಿ (ಸ್ವರವಿಲ್ಲದ ವ್ಯಂಜನದ ವಿಶೇಷ ರೂಪಗಳಲ್ಲಿ) ಎಚ್ಚರ ಬೇಕು. 2008ರ ಯೂನಿಕೋಡ್ 5.1ರಲ್ಲಿ ಅವಕ್ಕೆ ಬೇರೆ ಕೋಡ್ ಬಂತು, ಹಳೆಯ ಪಠ್ಯದಲ್ಲಿ ಜಾಯ್ನರ್ (ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆ) ಹಾಕಿದ ರೂಪವೇ ಉಳಿದಿದೆ. ಒಂದೇ ಪಠ್ಯದ ಬೇರೆ ಬೇರೆ ಕೋಡ್ ರೂಪಗಳನ್ನು ಒಂದಾಗಿಸುವ ಎನ್‌ಎಫ್‌ಸಿ ನಾರ್ಮಲೈಸೇಶನ್ ಕನ್ನಡದ ಓತ್ವವನ್ನು ಕೂಡಿಸುತ್ತದೆ, ಚಿಲ್ಲಿನ ಎರಡು ರೂಪಗಳನ್ನು ಕೂಡಿಸುವುದಿಲ್ಲ. ಅದಕ್ಕೆ ಪ್ರತ್ಯೇಕ ನಿಯಮ ಬರೆಯದೆ ಹೋದರೆ ನಾರ್ಮಲೈಸೇಶನ್ ಸರಿಯಿದ್ದೂ ಹುಡುಕಾಟ ತಪ್ಪುತ್ತದೆ.

ಇನ್ನು ಓಟ, ಅಂದರೆ ಫಝರ್ ಓಡಿಸುವುದು. ಫಝಿಂಗ್‌ನಲ್ಲಿ ಅದೃಷ್ಟದ ಪಾಲು ದೊಡ್ಡದು, ಒಂದು ಓಟದಿಂದ ಏನೂ ಹೇಳಲಾಗದು. 2018ರಲ್ಲಿ ಕ್ಲೀಸ್ ಮತ್ತು ಸಂಗಡಿಗರು 32 ಫಝಿಂಗ್ ಪ್ರಬಂಧಗಳನ್ನು ಪರಿಶೀಲಿಸಿ, ಪ್ರತಿಯೊಂದರ ಪ್ರಯೋಗದಲ್ಲೂ ಕೊರತೆ ಕಂಡಿದ್ದರು. ಪ್ರತಿ ಫಝರ್‌ಗೆ 24 ಗಂಟೆಯ 10 ಓಟವೆಂದರೆ ಎರಡಕ್ಕೆ 480 ಗಂಟೆ. 4 ಕೋರ್‌ಗಳಲ್ಲಿ 5 ದಿನ. 30 ಓಟ ಮಾಡಿದರೆ 15 ದಿನ. ಒಂದು ಕೋರ್‌ಗೆ ಒಂದೇ ಓಟ. ಎರಡೂ ಫಝರ್‌ಗಳನ್ನು ಒಂದೇ ಹೊತ್ತಿಗೆ ಓಡಿಸಿ. ಬಿಸಿಯಾದ ಲ್ಯಾಪ್‌ಟಾಪ್ ವೇಗ ತಗ್ಗಿಸಿದರೆ ಹೊಡೆತ ಒಂದಕ್ಕೇ ಬೀಳಬಾರದು. ಆಟಿಯ ಮಳೆಗೆ ಕರೆಂಟ್ ಹೋಗುವುದು ನಮ್ಮಲ್ಲಿ ಮಾಮೂಲು. ನಿಂತ ಓಟವನ್ನು ಮುಂದುವರಿಸಬಹುದಾದರೂ ಲೆಕ್ಕಕ್ಕೆ ಸೇರಿಸಬೇಡಿ, ಮೊದಲಿನಿಂದ ಓಡಿಸಿ.

ಹೋಲಿಕೆಗೆ, ವ್ಯತ್ಯಾಸ ಬರಿಯ ಅದೃಷ್ಟದ್ದೇ ಎಂದು ನೋಡುವ ಮ್ಯಾನ್-ವಿಟ್ನಿ ಪರೀಕ್ಷೆ, ಜೊತೆಗೆ ಒಂದು ಇನ್ನೊಂದನ್ನು ಮೀರಿಸುವ ಸಂಭವ ಹೇಳುವ ವರ್ಘಾ-ಡಿಲೇನಿ ಅಳತೆ ಕೊಡಿ, ಅದು 0.5 ಬಂದರೆ ಎರಡೂ ಸಮಸಮ. ಕ್ರ್ಯಾಷ್ ಫೈಲ್‌ಗಳ ಸಂಖ್ಯೆಯನ್ನು ದೋಷಗಳ ಸಂಖ್ಯೆಯೆಂದು ಬರೆಯಬೇಡಿ. ಒಂದು ದೋಷವನ್ನು ಸರಿಪಡಿಸಿ, ಎಲ್ಲ ಫೈಲ್‌ಗಳನ್ನು ಮತ್ತೆ ಓಡಿಸಿ. ಆಗ ಮಾಯವಾದವೆಲ್ಲ ಸೇರಿ ಒಂದು. ಉಳಿದವಕ್ಕೆ ಮುಂದಿನ ತಿದ್ದುಪಡಿ.