ನವನಗರದಾಗ ಸೈಕಲ್ ದಾರಿ ಮಾಡಿದ್ದು: ಮೊದಲ ದಾಟೂ ಜಾಗಾ, ಆಮ್ಯಾಲ ಬೋರ್ಡು

ನಾ ಸಿವಿಲ್ ಡಿಪ್ಲೊಮಾ ಮುಗಿಸಿ ಲೇಔಟ್ ಡ್ರಾಯಿಂಗ್ ತಗಿಯೂ ಕೆಲಸ ಮಾಡಾಕಿ. ಮನಿ ನವನಗರದಾಗ, ಹುಬ್ಬಳ್ಳಿ-ಧಾರವಾಡ ನಡುವ ಪಿ.ಬಿ. (ಪುಣೆ-ಬೆಂಗಳೂರು) ರೋಡಿಗೆ ಹತ್ತಿದ ಬಡಾವಣಿ, ಕ್ಯಾನ್ಸರ್ ಆಸ್ಪತ್ರಿ ಅಂದ್ರ ಎಲ್ಲಾರಿಗೂ ಗೊತ್ತಾಗ್ತದ. ಮಗಳು ಎಂಟನೇತ್ತೆಗೆ ಬಂದ ವರ್ಷ "ಅವ್ವಾ, ವ್ಯಾನ್ ಬ್ಯಾಡ, ನಾ ಸೈಕಲ್ ಮ್ಯಾಲ ಹೋಗ್ತೀನಿ" ಅಂದ್ಲು. ಶಾಲಿ ಒಂದೂವರಿ ಕಿಲೋಮೀಟರ್ ಸೈತ ಇಲ್ಲ, ಸೈಕಲ್ಲಿಗೆ ಏಳೆಂಟು ನಿಮಿಷದ ದಾರಿ. ಖರೇ ಹೇಳ್ತೀನಿ, ನನಗ ಹೂಂ ಅನ್ನಾಕ ಬಾಯಿ ಬರಲಿಲ್ಲ, ಯಾಕಂದ್ರ ಆ ಏಳೆಂಟು ನಿಮಿಷದಾಗ ಬಾಕಿ ಎಲ್ಲಾ ಓಣಿ ದಾರಿ, ಅಲ್ಲೇನೂ ಭಯ ಇಲ್ಲ, ಆದ್ರ ರೋಡ್ ದಾಟೂ ಒಂದೇ ಒಂದು ನಿಮಿಷ ಇತ್ತಲ್ಲ, ಅದನ್ನ ನೆನಿಸಿಕೊಂಡ್ರ ಹೊಟ್ಟ್ಯಾಗ ಕಲಸಿದಂಗ ಆಗ್ತಿತ್ತು.

ಓಣ್ಯಾಗಿನ ನಾಲ್ಕೈದು ಮನಿಯವ್ರು, ಒಬ್ರು ರಿಟೈರ್ಡ್ ಮಾಸ್ತರು, ನಾನು ಕೂಡಿ ಬಡಾವಣಿ ಒಳಗ ಒಂದು ಸೈಕಲ್ ದಾರಿ ಗುರ್ತು ಮಾಡಿ ಬೋರ್ಡ್ ಹಾಕಸೂದು ಅಂತ ಠರಾವ್ ಮಾಡಿದ್ವಿ. ಡ್ರಾಯಿಂಗ್ ನನ್ನ ಕೆಲಸಾನ ಆಗಿದ್ದಕ್ಕ ಮೊದಲ ಮ್ಯಾಪ್ ಎರಡೇ ದಿನದಾಗ ತಗದೆ. ಅಗಲ ರೋಡ್ ಎಲ್ಲೆಲ್ಲಿ ಅದಾವು ಅವನ್ನೆಲ್ಲಾ ಕೂಡಿಸಿ ಗುಂಡಗ ಒಂದು ನೀಲಿ ಗೆರಿ, ಗಾರ್ಡನ್ನು, ಶಾಲಿ, ಬಸ್ ಸ್ಟಾಪು ಎಲ್ಲಾ ಅದರಾಗ ಬಂದಿದ್ವು. ಹೆಡ್‌ಮಿಸ್ ಅವರ ಪರ್ಮಿಷನ್ ತಗೊಂಡು ಎಂಟನೇತ್ತೆ ಕ್ಲಾಸಿನ್ಯಾಗ ಆ ಪ್ರಿಂಟ್ ತೋರಿಸಿದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು "ಆಂಟಿ, ಈ ರೋಡಿನ್ಯಾಗ ಸೈಕಲ್‌ನವ್ರು ಯಾರೂ ಹೋಗಂಗಿಲ್ರಿ" ಅಂದ. ಯಾಕೋ ಅಂದ್ರ "ಮುಂದ ದಾಟಾಕ ಬರಂಗಿಲ್ರಿ" ಅಂದ. ಹದಿಮೂರು ವರ್ಷದ ಹುಡುಗ ಒಂದೇ ಮಾತಿನಾಗ ಹೇಳಿದ್ದು ನನ್ನ ಡ್ರಾಯಿಂಗಿನ್ಯಾಗ ಎಲ್ಲೂ ಇದ್ದಿಲ್ಲ.

ಪ್ರಿಂಟ್ ಮಡಿಚಿಟ್ಟು ಎಲ್ಲಾರಿಗೂ ಖಾಲಿ ಹಾಳಿ ಕೊಟ್ಟೆ. ನಿಮ್ಮ ಮನಿ ತಗೀರಿ, ಶಾಲಿ ತಗೀರಿ, ನಡುವ ನೀವು ಖರೇನ ಹೋಗೂ ದಾರಿ ತಗೀರಿ, ಎಲ್ಲಿ ಅಂಜಿಕಿ ಬರ್ತದ ಅಲ್ಲಿ ಕೆಂಪು ಪೆನ್ನಿಲೆ ಸುತ್ತ ಹಾಕ್ರಿ ಅಂದೆ. ಆ ಹಾಳಿ ಇವತ್ತಿಗೂ ನನ್ನ ಹತ್ರ ಅದಾವು. ಗಾರ್ಡನ್ ಹಿಂದಿನ ಸಂದಿ, ಖಾಲಿ ಸೈಟಿನ ನಡುವಿನ ಕಾಲುದಾರಿ, ನಾಯಿ ಬೆನ್ನತ್ತೂ ಮನಿ, ಎಲ್ಲಾ ಬರದಿದ್ರು. ಮನಿಗೆ ಬಂದು ಅವನ್ನ ಒಂದರ ಮ್ಯಾಲೊಂದು ಇಟ್ಟು ಟ್ರೇಸ್ ಮಾಡಿದೆ, ದಾರಿ ಹತ್ತಿಪ್ಪತ್ತು ತರ ಇದ್ರೂ ಕೆಂಪು ಸುತ್ತ ಎಲ್ಲಾ ಬಂದು ಬಿದ್ದಿದ್ದು ಮೂರೇ ಮೂರು ಜಾಗಾದಾಗ. ಅಲ್ಲಿಂದ ನನ್ನ ಕೆಲಸ ಉಲ್ಟಾ ಆತು. ಮೊದಲ ದಾರಿ ತಗದು ಆಮ್ಯಾಲ ಎಲ್ಲಿ ದಾಟಿಸೂದು ಅಂತ ನೋಡೂದಲ್ಲ, ಮೊದಲ ಆ ಮೂರು ಜಾಗಾ ಸುದ್ದ ಮಾಡಿ ಅಲ್ಲಿಂದ ಹಿಂದಕ್ಕ ದಾರಿ ಎಳಕೋತ ಬರೂದು. ಯಾರರ ನಿಮ್ಮ ಏರಿಯಾದಾಗ ಇಂಥಾ ಕೆಲಸಕ್ಕ ಕೈ ಹಾಕೂದಿದ್ರ ನಾ ಹೇಳೂದು ಇದೊಂದೇ, ಬಾಕಿದ್ದೆಲ್ಲಾ ಇದರ ಹಿಂದ ಬರ್ತದ.

ಮಕ್ಕಳನ್ನಷ್ಟೇ ಕೇಳಿದ್ರ ಸಾಲಂಗಿಲ್ಲ. ನಾನು ಮಾಸ್ತರು ಒಂದು ವಾರ ಮುಂಜಾನೆ ಐದೂವರಿಗೆ ಎದ್ದು ಮೂಲ್ಯಾಗ ನಿಂತ್ವಿ. ಪೇಪರ್ ಹಾಕೂ ಹುಡುಗ್ರು, ಹಾಲಿನ ಕ್ಯಾನ್ ಕಟಗೊಂಡ ಕಾಕಾ, ಅಮರಗೋಳದ ಕಡೆಯಿಂದ ಹ್ಯಾಂಡಲ್ಲಿಗೆ ಬುತ್ತಿ ಡಬ್ಬಿ ಜೋತು ಹಾಕೊಂಡು ಬರೂ ಗೌಂಡಿ ಕೆಲಸದವ್ರು, ನಮ್ಮ ಬಡಾವಣ್ಯಾಗ ದಿನಾ ಸೈಕಲ್ ತುಳಿಯಾವ್ರು ಇವರೇ, ಒಂಬತ್ತು ಗಂಟೆಕ್ಕ ಹೋಗಿ ನಿಂತ್ರ ಇವರು ಕಣ್ಣಿಗೇ ಬೀಳಂಗಿಲ್ಲ. ಹದಿನೈದು ನಿಮಿಷಕ್ಕೊಂದು ಗೆರಿ ಹಾಕಿ ಲೆಕ್ಕ ಇಟ್ವಿ. ಅದರಾಗ ಮಾಸ್ತರು ಒಂದು ಕಾಲಂ ಹೆಚ್ಚಿಗಿ ಹಾಕಿಸಿದ್ರು, ದಾಟಾಕ ಬಂದು ದಾಟಲಾರದ ವಾಪಸ್ ಹೋದವ್ರು ಅಥವಾ ಸೈಕಲ್ ಇಳದು ಕಾಯ್ಕೋತ ನಿಂತವ್ರು ಅಂತ. ಆಮ್ಯಾಲ ರೋಡಿನ ಕೆಲಸ ನೋಡೂ ಸರ್ಕಾರಿ ಆಫೀಸಿನ್ಯಾಗ "ಅಲ್ಲಿ ಸೈಕಲ್ಲೇ ಇಲ್ಲಲ್ರಿ ಅಕ್ಕಾರ, ಯಾರ ಸಲುವಾಗಿ ಮಾಡೂದು" ಅಂತ ಕೇಳಿದ್ರಲ್ಲ, ಆವಾಗ ಆ ಕಾಲಮ್ಮೇ ನಮ್ಮ ಕೈ ಹಿಡೀತು.

ಮೊದಲನೇ ಜಾಗಾ ಶಾಲಿ ಮುಂದಿನ ಒಳ ಮೇನ್ ರೋಡ್. ಅಗಲ 10 ಮೀಟರ್, ಒಂದು ಕಡೆ ತಿರುವು, ತಿರುವಿನಿಂದ ದಾಟೂ ಜಾಗಾ ತನಕ ಅಳತಿ ಮಾಡಿದ್ರ ಸುಮಾರು 100 ಮೀಟರ್. ಇಂಜಿನಿಯರ್ ಲೆಕ್ಕದಾಗ ನಡಿಯಾವ್ರ ಸ್ಪೀಡು ಸೆಕೆಂಡಿಗೆ 1.2 ಮೀಟರ್ ಹಿಡೀತಾರ, ಅಂದ್ರ ಎಂಟೊಂಬತ್ತು ಸೆಕೆಂಡಿನ್ಯಾಗ ದಾಟಬೇಕು. ಮೊಣಕಾಲು ನೋವಿದ್ದ ನಮ್ಮ ಅತ್ತಿಯವರನ್ನ ನಿಧಾನ ದಾಟಿಸಿ ಟೈಮ್ ನೋಡಿದೆ, 14 ಸೆಕೆಂಡ್ ಹಿಡೀತು. ಈಗ ಲೆಕ್ಕ ನೋಡ್ರಿ. ತಾಸಿಗೆ 50 ಕಿಲೋಮೀಟರ್ ಸ್ಪೀಡಿನ ಗಾಡಿ ಸೆಕೆಂಡಿಗೆ ಹತ್ತತ್ರ 14 ಮೀಟರ್ ಬರ್ತದ, 14 ಸೆಕೆಂಡಿಗೆ 195 ಮೀಟರ್. ಅತ್ತಿಯವ್ರು ಕಾಲಿಡೂ ಹೊತ್ತಿಗೆ ಆ ಗಾಡಿ ತಿರುವಿನ ಆಚಿಗೆ ಇರ್ತದ, ಕಾಣಂಗೇ ಇಲ್ಲ, ಎಷ್ಟು ಹುಷಾರಾಗಿ ನೋಡಿ ದಾಟಿದ್ರೂ ಅಷ್ಟ. ಅದೇ ಗಾಡಿ 25ರಾಗ ಬಂದ್ರ 14 ಸೆಕೆಂಡಿಗೆ 97 ಮೀಟರ್, ಅಂದ್ರ ಕಣ್ಣಿಗೆ ಕಾಣಸೂದ್ರೊಳಗ ಬಂತು. ನೋಡಿ ದಾಟ್ರಿ ಅಂತ ಮಂದಿಗೆ ಹೇಳೂದಕ್ಕಿಂತ ಮೊದಲ ನೋಡಾಕ ಬರೂ ಹಂಗ ರೋಡ್ ಇರಬೇಕು ಅನ್ನೂದು ನನಗ ಆ ಲೆಕ್ಕ ಹಾಕಿದ ಮ್ಯಾಲ ಪಕ್ಕಾ ಆತು, ಮತ್ತ ಆಫೀಸಿಗೆ ಕೊಟ್ಟ ಅರ್ಜಿಯಾಗ ಈ ಲೆಕ್ಕಾನ ಬರದೆ.

ಮಂದಿ ಕೇಳಿದ್ದು ಹಂಪ್. ನಮ್ಮ ಕಡೆ ಹಂಪ್ ಅಂದ್ರ ರಾತ್ರೋರಾತ್ರಿ ಸಿಮೆಂಟ್ ಹಾಕಿ ಚೂಪಗ ಎಬ್ಬಿಸಿದ ದಿಂಡು, ಸೈಕಲ್‌ನವ್ರ ಬೆನ್ನಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ, ಕತ್ತಲ್ಯಾಗ ಅದರ ಮ್ಯಾಲ ಬಿದ್ದವ್ರನ್ನ ನಾನಾ ಎತ್ತೀನಿ. ಇಂಡಿಯನ್ ರೋಡ್ ಕಾಂಗ್ರೆಸ್ಸಿನ ಐಆರ್‌ಸಿ 99 ಅನ್ನೂ 1988ರ ಕೋಡಿನ್ಯಾಗ 25ರ ಸ್ಪೀಡಿಗೆ ಹಂಪ್ ಗಾಡಿ ಹೋಗೂ ದಿಕ್ಕಿಗೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಅಂತ ಐತಿ, ಅಂದ್ರ ಉದ್ದಕ ಹಾಸಿದ ಗುಡ್ಡದಂಗ, ಚೂಪಿಲ್ಲ. ನಾವು ಕೇಳಿದ್ದು ಅದರ ಚಪ್ಪಟಿ ತರದ್ದು, ಮ್ಯಾಲ ಸಪಾಟ ಮಾಡಿ ಅಲ್ಲೇ ಜೀಬ್ರಾ ಪಟ್ಟಿ ಹೊಡಿಯೂದು, ಫುಟ್‌ಪಾತಿನಿಂದ ಇಳೀಲಾರದ ನೆಟ್ಟಗ ದಾಟೂ ಹಂಗ. ಒಂದು ಮಾತು ಇಲ್ಲಿ ನೆನಪಿಡ್ರಿ. ನೀರು ಹರೀಲಿ ಅಂತ ಗಟಾರದ ಕಡೆ ಒಂದೀಟು ಸಂದಿ ಬಿಡ್ತಾರ, ಬೈಕಿನವ್ರು ಸೀದಾ ಆ ಸಂದ್ಯಾಗ ನುಗ್ಗತಾರ, ಅದೂ ದಾಟಾಕ ಮಂದಿ ನಿಂತ ಜಾಗಾಕ್ಕ. ಅದಕ್ಕ ಸಂದಿ ಬಿಡಬ್ಯಾಡ್ರಿ, ಕೆಳಗ ಪೈಪ್ ಹಾಕ್ರಿ ಅಂತ ಜಗಳಾಡಿದಂಗ ಮಾಡಿ ಹಾಕಿಸಿದ್ವಿ.

ಇನ್ನೊಂದು ಅಡ್ಡಿ ಗಿರ್ಮಿಟ್ ಗಾಡಿ. ಸಂಜಿಕ ಶಾಲಿ ಬಿಡೂ ಹೊತ್ತಿಗೆ ಸರಿಯಾಗಿ ದಾಟೂ ಜಾಗಾದ ಬಾಜೂಕ ನಿಲ್ಲತಿತ್ತು, ಅದರ ಹಿಂದ ಒಂದು ಟಂಟಂ, ಅದರ ಹಿಂದ ಟಾಟಾ ಏಸ್. ಐದನೇತ್ತೆ ಹುಡುಗಿ ಅದರ ಮರೀಲಿಂದ ಹೊರಗ ಬಂದ್ರ ಡ್ರೈವರಿಗೆ ಆಕಿ ಕಾಣೂದು ರೋಡಿನ ನಡುವ ಬಂದಾಗ. ಕೆಲವರು ಕಂಪ್ಲೇಂಟ್ ಕೊಟ್ಟು ಎಬ್ಬಿಸಿಬಿಡೂಣು ಅಂದ್ರು, ನಾ ಒಪ್ಪಲಿಲ್ಲ. ಆ ಅಣ್ಣಾರು ಹನ್ನೆರಡು ವರ್ಷದಿಂದ ಅಲ್ಲೇ ಹೊಟ್ಟಿ ತುಂಬಿಸಿಕೊಂಡಾವ್ರು, ಮತ್ತ ಅವರಷ್ಟು ಆ ರೋಡ್ ನೋಡಿದವ್ರು ಯಾರೂ ಇಲ್ಲ. ಅವರನ್ನ ಕರಕೊಂಡು ಮಂಡಿ ಊರಿ ಮಗುವಿನ ಎತ್ತರದಾಗ ಕುಂತು ನೋಡ್ರಿ ಅಂದೆ. ಅವರು ಕುಂತ್ರು, ನೋಡಿದ್ರು, ಏನೂ ಅನ್ನಲಿಲ್ಲ. ಮರುದಿನ ಗಾಡಿ 15 ಮೀಟರ್ ಮುಂದ ಹೋಗಿ ನಿಂತಿತ್ತು. ಈಗ ಜೀಬ್ರಾ ಮ್ಯಾಲ ಯಾರರ ಗಾಡಿ ನಿಲ್ಲಿಸಿದ್ರ ಮೊದಲ ಒದರೂದು ಅವರೇ.

ಎರಡನೇ ಜಾಗಾ ಮೂರು ರೋಡ್ ಕೂಡೂ ಮೂಲಿ. ಅಲ್ಲಿ ತೊಂದ್ರಿ ಏನಂದ್ರ ಮೂಲಿ ಭಾಳ ಗುಂಡಗ, ಅಗಲ, ಅದಕ್ಕ ಕಾರಿನವ್ರು ಬ್ರೇಕ್ ಮುಟ್ಟಲಾರದ ಹೊಳ್ಳತಿದ್ರು. ಮೂಲಿ ಚೂಪ ಮಾಡಿದ್ರ ಸ್ಪೀಡ್ ತಾನಾಗೇ ಇಳೀತದ, ದಾಟೂ ದೂರಾನೂ ಕಮ್ಮಿ ಆಗ್ತದ. ಇದನ್ನ ಕಾಗದದ ಮ್ಯಾಲ ತೋರಿಸಿದ್ರ ಯಾರೂ ನಂಬಲಿಲ್ಲ. ಹಂಗಾಗಿ ಆಫೀಸಿನ ಪರ್ಮಿಷನ್ ತಗೊಂಡು ಒಂದು ರವಿವಾರ ಸುಣ್ಣದ ಪುಡಿಲೆ ಹೊಸಾ ಮೂಲಿ ಗೆರಿ ಹಾಕಿ ಅದರ ಮ್ಯಾಲ ಉಸುಕಿನ ಚೀಲ ಇಟ್ವಿ, ಖರ್ಚು ಅಂದ್ರ ಚೀಲ, ಸುಣ್ಣ, ಚಾ ಅಷ್ಟ. ಕಾರೆಲ್ಲಾ ನಿಧಾನ ಆದ್ವು, ನಮಗ ಭಾಳ ಖುಷಿ. ಸೋಮವಾರ ಶಾಲಿ ಬಸ್ ಬಂತು, ಮುಂದಿನ ಗಾಲಿ ಸರಿಯಾಗಿ ಹೋತು, ಹಿಂದಿನ ಗಾಲಿ ಎರಡು ಚೀಲ ಒಡದುಬಿಡ್ತು. ಉದ್ದ ಗಾಡಿ ಹೊಳ್ಳುವಾಗ ಹಿಂದಿನ ಗಾಲಿ ಒಳಗ ಕೊಯ್ಕೊಂಡು ಹೋಗ್ತದ ಅನ್ನೂದು ನಾ ಓದಿದ್ದೇ, ಆದ್ರ ಗೆರಿ ಹಾಕುವಾಗ ಕಾರ್ ಅಷ್ಟೇ ತಲ್ಯಾಗ ಇತ್ತು. ನೀರಿನ ಟ್ಯಾಂಕರ್, ಅಗ್ನಿಶಾಮಕ ಗಾಡಿ ಇವೂ ಹೊಳ್ಳಬೇಕಲ್ಲ. ಗೆರಿ ಹಿಂದಕ್ಕ ಸರಿಸಿ, ಒಂದು ವಾರ ದಿನಾ ಸರಿಸಿ ಸರಿಸಿ ನೋಡಿ, ಕೊನಿಗೆ ಸರಿ ಬಂದ ಜಾಗಾದಾಗ ಕಲ್ಲು ಕೂಡಿಸಿದ್ರು. ಸುಣ್ಣ ಹಾಕಿ ನೋಡಲಾರದ ಸಿಮೆಂಟ್ ಹಾಕಿಸಿದ್ರ ನನ್ನ ತಪ್ಪು ಕಾಯಂ ಆಗಿಬಿಡ್ತಿತ್ತು.

ಮೂರನೇದು ಪಿ.ಬಿ. ರೋಡ್. ಹುಬ್ಬಳ್ಳಿ-ಧಾರವಾಡ ನಡುವ ಸುಮಾರು 22 ಕಿಲೋಮೀಟರ್ ಬಿಆರ್‌ಟಿಎಸ್ ಕಾರಿಡಾರ್, ನಡುವ ಚಿಗರಿ ಬಸ್ಸಿನ ಲೇನ್, ಎರಡೂ ಕಡೆ ಬಾಕಿ ಗಾಡಿ. 2018ರಾಗ ಚಿಗರಿ ಓಡಾಕ ಹತ್ತಿದ ಮ್ಯಾಲ ದಾಟೂದರ ರೀತಿನೇ ಬದಲಾತು. ಒಂದೇ ಉಸಿರಿನ್ಯಾಗ ದಾಟೂ ರೋಡ್ ಅಲ್ಲ ಅದು, ಮೊದಲ ಗಾಡಿ ಲೇನ್, ಆಮ್ಯಾಲ ಬಸ್ ಲೇನ್, ಮತ್ತ ಬಸ್ ಲೇನ್, ಮತ್ತ ಗಾಡಿ ಲೇನ್. ಬಸ್ ಲೇನ್ ಖಾಲಿ ಕಾಣ್ತದ, ಅದಕ್ಕೇ ಮಕ್ಕಳು ಮೋಸ ಹೋಗ್ತಾರ, ಚಿಗರಿ ಬಂದ್ರ ಸುಯ್ ಅಂತ ಬರ್ತದ. ಇಲ್ಲಿ ಹೊಸಾದೇನೂ ಕೇಳೂದು ಬ್ಯಾಡ ಅಂತ ನಾ ಹಟ ಹಿಡದೆ. ಬಡಾವಣಿ ಒಳಗಿನ ದಾರಿ ಹೆಂಗರ ಸುತ್ತಿ ಬರಲಿ, ಕೊನಿಗೆ ಬಂದು ಮುಟ್ಟೂದು ಬಸ್ ಸ್ಟೇಷನ್ ಹತ್ರದ ಸಿಗ್ನಲ್ ಇದ್ದ ಜೀಬ್ರಾಕ್ಕೇ ಮುಟ್ಟಬೇಕು. ಇದರಿಂದ ಎರಡು ಓಣಿ ಸುತ್ತ ಹಾಕಬೇಕಾತು, ಕೆಲವರಿಗೆ ಸಿಟ್ಟು ಬಂತು. ಆದ್ರ ಎರಡು ಓಣಿ ಅಂದ್ರ ಸೈಕಲ್ಲಿಗೆ ಒಂದು ನಿಮಿಷ. ನಡುವ ನಿಲ್ಲೂದು ಬಂದ್ರ ಸೈಕಲ್ ಉದ್ದ ಸುಮಾರು 1.8 ಮೀಟರ್ ಇರ್ತದ ಅನ್ನೂದು ಮರೀಬ್ಯಾಡ್ರಿ, ನಿಲ್ಲೂ ಜಾಗಾ 2 ಮೀಟರಿಗಿಂತ ಸಣ್ಣದಿದ್ರ ಹಿಂದಿನ ಗಾಲಿ ರೋಡಿನ ಮ್ಯಾಲೇ ಉಳೀತದ. ಹಂಗಾಗಿ ಇಳದು, ಸೈಕಲ್ ಅಡ್ಡ ಹೊಳ್ಳಿಸಿ ನಿಲ್ಲೂದನ್ನ ಮಕ್ಕಳಿಗೆ ಶಾಲಿ ಗ್ರೌಂಡಿನ್ಯಾಗ ಸುಣ್ಣದ ಗೆರಿ ಹಾಕಿ ಕಲಿಸಿದ್ವಿ.

ಉಣಕಲ್ ನಾಲಾ ದಂಡಿಗೆ ಸ್ಮಾರ್ಟ್ ಸಿಟಿ ಕೆಲಸದಾಗ ಸೈಕಲ್ಲಿಗೆ ಬ್ಯಾರೇನ ದಾರಿ ಮಾಡ್ಯಾರ, ಹಂಗ ನಮ್ಮಲ್ಲೂ ಮಾಡ್ರಿ ಅಂತ ಭಾಳ ಮಂದಿ ಕೇಳ್ತಾರ. ಬ್ಯಾರೆ ದಾರಿಗೆ ಕಮ್ಮೀತ್ಲೆ 2 ಮೀಟರ್ ಬೇಕು, ನಮ್ಮ ಒಳ ಓಣ್ಯಾಗ ಅಷ್ಟು ಜಾಗಾ ತಗದ್ರ ಮನಿ ಮುಂದ ಏನೂ ಉಳಿಯಂಗಿಲ್ಲ. ಓಣ್ಯಾಗ ಗಾಡಿ ನಿಧಾನ ಇದ್ರ ಕೂಡೇ ಹೋಗಬಹುದು.

ಬೋರ್ಡಿನ ಕತಿ ಕೊನಿಗೆ. ಪೇಂಟರಿಗೆ ನೀಲಿ ದುಂಡನೆ ಬೋರ್ಡಿನ್ಯಾಗ ಬಿಳಿ ಸೈಕಲ್ ತಗಿಯಾಕ ಹೇಳಿ ಸ್ಯಾಂಪಲ್ ಮಾಡಿಸಿದ್ದೆ, ಚಂದ ಕಾಣ್ತಿತ್ತು. ಒಬ್ಬ ಹಳೇ ಟ್ರಾಫಿಕ್ ಇಂಜಿನಿಯರ್ ಸಾಹೇಬ್ರು ನೋಡಿ "ತಂಗಿ, ದುಂಡನೆ ನೀಲಿ ಅಂದ್ರ ಕಡ್ಡಾಯ, ಸೈಕಲ್ ಬಿಟ್ಟು ಬ್ಯಾರೆ ಯಾವ ಗಾಡಿನೂ ಬರಬಾರದು ಅಂತ ಅರ್ಥ, ಎಲ್ಲಾರೂ ಓಡ್ಯಾಡೂ ಓಣಿಗೆ ಇದು ತಪ್ಪು" ಅಂದ್ರು. ದಾರಿ ತೋರಸೂದಕ್ಕ ಚೌಕನೆ ಮಾಹಿತಿ ಬೋರ್ಡ್, ಮುಂದ ಸೈಕಲ್ ದಾಟ್ತಾವು ಅಂತ ಗಾಡಿಯವ್ರಿಗೆ ಎಚ್ಚರ ಕೊಡಾಕ ಕೆಂಪು ಅಂಚಿನ ತ್ರಿಕೋನ. ಅಷ್ಟೂ ಬಿಟ್ಟು, ಮೋಟಾರು ವಾಹನ ಕಾಯ್ದೆ 116ನೇ ಕಲಂ ಪ್ರಕಾರ ರೋಡ್ ಬೋರ್ಡ್ ಹಾಕೂ ಅಧಿಕಾರ ಸರ್ಕಾರದ್ದು, ಅವರು ಅಧಿಕಾರ ಕೊಟ್ಟವ್ರದ್ದು, ನಾವಾಗೇ ಕಂಬ ಹುಗಿಯಾಂಗಿಲ್ಲ. ಆ ಪರ್ಮಿಷನ್ನಿಗೇ ಎಲ್ಲಾಕ್ಕಿಂತ ಹೆಚ್ಚು ದಿನಾ ಹೋದ್ವು, ಒಂದು ಆಫೀಸಿನ್ಯಾಗ ನಮ್ಮ ಅರ್ಜಿ ಎರಡು ಸಲ ಕಳೀತು, ಮೂರನೇ ಸಲ ಅರ್ಜಿ ಮುಟ್ಟೇತಿ ಅಂತ ಕೊಡೂ ಇನ್‌ವರ್ಡ್ ನಂಬರ್ ಬರಸಿಕೊಂಡೇ ಹೊರಗ ಬಂದ್ವಿ. ನೀವು ಮೊದಲನೇ ಸಲಾನ ಬರಸಿಕೊಳ್ರಿ.

ಬೋರ್ಡಿನ ಮ್ಯಾಲ ಕಿಲೋಮೀಟರ್ ಬದಲಿ ನಿಮಿಷ ಬರಸಿದ್ವಿ, ತಾಸಿಗೆ 12 ಕಿಲೋಮೀಟರ್ ಹಿಡದ್ರ ಒಂದು ನಿಮಿಷಕ್ಕ 200 ಮೀಟರ್. "ಶಾಲೆ 6 ನಿಮಿಷ" ಅಂತ ಓದಿದ ತಾಯಂದ್ರು ಅಷ್ಟೇನಾ ಅಂತ ಕೇಳಿದ್ರು. ಹೊಳ್ಳೂ ಮೂಲಿಗಿಂತ ಮೊದಲ ಒಂದು, ಹೊಳ್ಳಿದ ಮ್ಯಾಲ ಸರಿ ದಾರ್ಯಾಗ ಅದೀವಿ ಅನ್ನಾಕ ಒಂದು, ನೆಟ್ಟಗಿನ ಓಣ್ಯಾಗ ಬ್ಯಾಡ. ಕಂಬಕ್ಕ ಬರ್ತ್‌ಡೇ ಫ್ಲೆಕ್ಸ್ ಕಟ್ಟೂದು ನಮ್ಮ ಊರಿನ ದೊಡ್ಡ ತ್ರಾಸು, ಅದಕ್ಕ ಬೋರ್ಡಿನ ಎದುರು ಮನಿಯವ್ರಿಗೇ ಒಂದೊಂದು ಬೋರ್ಡ್ ಒಪ್ಪಿಸೀವಿ, ಬಿಚ್ಚೂದು, ಕಣಗಲ ಟೊಂಗಿ ಕಡಿಯೂದು, ಮಳಿಗಾಲದಾಗ ರಾಡಿ ಒರಸೂದು ಅವರದ್ದು. ಗಣಪತಿ ಹಬ್ಬದಾಗ 11 ದಿನ ಪೆಂಡಾಲ್ ದಾರಿಗೆ ಅಡ್ಡ ಬರ್ತದ, ಮೊದಲ ವರ್ಷ ಇದು ಲಕ್ಷಕ್ಕೇ ಬಂದಿದ್ದಿಲ್ಲ, ಈಗ ಮಂಡಳಿ ಹುಡುಗ್ರ ಹತ್ರಾನ ಬಾಣದ ಗುರ್ತಿನ ಎರಡು ತೂಗು ಬೋರ್ಡ್ ಕೊಟ್ಟೀವಿ, ಪೆಂಡಾಲ್ ಹಾಕಿದ ದಿನಾನ ಅವರು ಬಾಜೂಕಿನ ಓಣಿಗೆ ದಾರಿ ತೋರಿಸ್ತಾರ.

ಜೀಬ್ರಾ ಮೊದಲ ಸಲ ಹೊಡದಿದ್ದು ಸಾದಾ ಪೇಂಟ್, ಒಂದೇ ಮಳಿಗಾಲಕ್ಕ ತೊಳದು ಹೋತು. ಎರಡನೇ ಸಲ ಕಾಸಿ ಹಾಕೂ ಥರ್ಮೋಪ್ಲಾಸ್ಟಿಕ್, ಅದರಾಗ ಗಾಜಿನ ಸಣ್ಣ ಮಣಿ ಇರ್ತಾವು, ರಾತ್ರಿ ಹೆಡ್‌ಲೈಟಿಗೆ ಹೊಳೀತದ, ಅದನ್ನೇ ಬೇಕು ಅಂತ ಲಿಖಿತ ಕೇಳ್ರಿ.

ಮಗಳು ಈಗ ಹತ್ತನೇತ್ತೆ, ಸೈಕಲ್ ಮ್ಯಾಲೇ ಹೋಗ್ತಾಳ. ಮೊದಲ ಹದಿನೈದು ದಿನ ಶಾಲಿ ಮುಂದಿನ ಜೀಬ್ರಾ ತನಕ ನಾ ಹಿಂದ ಹಿಂದ ಹೋಗ್ತಿದ್ದೆ, ಒಂದಿನ ಗಿರ್ಮಿಟ್ ಅಣ್ಣಾರು "ನಾ ಅದೀನಲ್ರಿ ಅಕ್ಕಾರ, ನೀವು ಮನಿಗೆ ಹೋಗ್ರಿ" ಅಂದ್ರು. ಹೋದ ತಿಂಗಳು ಶಾಲ್ಯಾಗ ಮತ್ತ ಖಾಲಿ ಹಾಳಿ ಕೊಟ್ಟಿದ್ವಿ. ಹಳೇ ಮೂರು ಜಾಗಾದಾಗ ಶಾಲಿ ಮುಂದ ಕೆಂಪು ಸುತ್ತ ಒಂದೂ ಇಲ್ಲ, ಪಿ.ಬಿ. ರೋಡಿನ್ಯಾಗ ಇನ್ನೂ ಅದಾವು. ಹಿಂದಿನ ಹೊಸಾ ಲೇಔಟಿನ ಕಡೆ ಒಂದು ಕಲ್ವರ್ಟ್ ಹತ್ರ ನಾಲ್ಕು ಹುಡುಗ್ರು ಕೆಂಪು ಸುತ್ತ ಹಾಕ್ಯಾರ, ನಾ ನೋಡೇ ಇರಲಾರದ ಜಾಗಾ ಅದು. ಬರೂ ರವಿವಾರ ಮುಂಜಾನೆ ಐದೂವರಿಗೆ ಮಾಸ್ತರು, ನಾನು ಟೇಪ್ ತಗೊಂಡು ಅಲ್ಲಿಗೆ ಹೊಂಟೀವಿ.