ಗಂಗಾವತಿ ಬಿಸಿಲಲ್ಲಿ ಮನೆಯಲ್ಲೇ ರೀಲ್ ತೊಳೆದೆ

ಮೇ ತಿಂಗಳಲ್ಲಿ ಮನೆಯಲ್ಲೇ ಬ್ಲ್ಯಾಕ್ ಅಂಡ್ ವೈಟ್ ಕ್ಯಾಮೆರಾ ರೀಲ್ ತೊಳೆಯುತ್ತೇನೆ, ಅಂದರೆ ಕೆಮಿಕಲ್‌ನಲ್ಲಿ ಅದ್ದಿ ಫಿಲ್ಮಿನ ಚಿತ್ರ ಮೂಡಿಸುತ್ತೇನೆ ಅಂದಾಗ ಸ್ಟುಡಿಯೋ ಗೆಳೆಯರು ನಕ್ಕರು. "ಎಮಲ್ಷನ್ ಕಿತ್ಕೊಂಡು ಬರ್ತೈತಿ ನೋಡಪಾ" ಅಂದರು. ಎಮಲ್ಷನ್ ಅಂದರೆ ಫಿಲ್ಮಿನ ಮೇಲೆ ಚಿತ್ರ ಮೂಡುವ ಜಿಲೆಟಿನ್ ಪದರ. ಈಗ ಅವರೇ ನನ್ನ ನೆಗೆಟಿವ್‌ಗಳನ್ನು ಕಿಟಕಿಗೆ ಹಿಡಿದು ನೋಡುತ್ತಾರೆ.

ರೀಲಿಗೆ ಮರಳಿದ್ದು ಹಿರೇಬೆಣಕಲ್ ಗುಡ್ಡಕ್ಕಾಗಿ. ಮೇಲೆ ಮೋರೇರ ಮನೆಗಳು, ಅಂದರೆ ಬಹಳ ಹಳೆಯ ಕಾಲದ ಕಲ್ಲಿನ ಗೋರಿಗಳು, ನೂರಾರಿವೆ. ಫೋನ್ ಹಿಡಿದು ಹೋದಾಗೆಲ್ಲ ಹೊಡೆಯೋದು, ಸ್ಕ್ರೀನ್ ನೋಡೋದು, ಮತ್ತೆ ಹೊಡೆಯೋದು. ಗುಡ್ಡ ನೋಡಿದ್ದೇ ಕಮ್ಮಿ. ರೀಲಿನಲ್ಲಿ 36 ಫ್ರೇಮು. ತೊಳೆಸುವ ಖರ್ಚು ಸೇರಿ ಒಂದೊಂದಕ್ಕೆ 40 ರೂಪಾಯಿ ಬಿದ್ದಾಗ ಕಾಲು ತಾನಾಗೇ ನಿಂತಿತು. ಒಂದೇ 50 ಎಂಎಂ ಲೆನ್ಸು, ಬೆಳಕು ಅಳೆಯುವ ಮೀಟರ್ ಇಲ್ಲ. ಬಿಸಿಲಿಗೆ ಅಪರ್ಚರ್ ಎಫ್ 16, ಶಟರ್ 1/500 ಸೆಕೆಂಡ್. ನೆರಳಿಗೆ ಅಂದಾಜು. ಬಂಡೆಯ ದುಂಡು ಕಿಂಡಿಯೊಳಗೆ ಬೆಳಕು ಇಳಿಯುವವರೆಗೆ ಸುಮ್ನೆ ಕೂರುತ್ತೇನೆ. ಕುರಿ ಕಾಯುವ ಅಜ್ಜ ಒಬ್ಬರು ಕೇಳಿಯೇಬಿಟ್ಟರು: "ಏನ್ ತಮ್ಮಾ, ಆವಾಗಿಂದ ಕುಂತೀ, ಕ್ಯಾಮೆರಾ ಕೆಟ್ಟೈತೇನು?" ಅವರದೂ ಒಂದು ಫ್ರೇಮ್ ಇದೆ. ನನ್ನ ಪ್ರಕಾರ ಆ ರೀಲಿನಲ್ಲಿ ಅದೇ ಚೆನ್ನಾಗಿ ಬಂದದ್ದು.

ಖರ್ಚು ಮಾತ್ರ ತಡೆಯಲಿಲ್ಲ. ನಾನು ಹಾಕುವ ಎಚ್‌ಪಿ5 ಫಿಲ್ಮಿನ ರೀಲು 900ರ ಮೇಲೆ, ಲ್ಯಾಬು ಮತ್ತು ಕೊರಿಯರ್ ಸೇರಿ ಮತ್ತೆ 500. ಒಂದು ಲ್ಯಾಬಿನಿಂದ ರೀಲುದ್ದಕ್ಕೂ ಗೀರು ಬಿದ್ದು ಬಂತು. ಆಮೇಲೆ 100 ಅಡಿ ಬಲ್ಕ್, ಅಂದರೆ ನಾವೇ ಕತ್ತರಿಸಿ ತುಂಬಿಕೊಳ್ಳುವ ಉದ್ದ ಫಿಲ್ಮ್ ಸುರುಳಿ, ತರಿಸಿದೆ. ಅದರಲ್ಲಿ 18 ರೀಲು ಬರುತ್ತವೆ, ಒಂದಕ್ಕೆ 600-700 ಬೀಳುತ್ತೆ.

ತೊಳೆಯೋದು ಸುಲಭಕ್ಕೆ ಒಲಿಯಲಿಲ್ಲ. ನಮ್ಮ ಟ್ಯಾಂಕಿನ ನೀರು ಮಧ್ಯಾಹ್ನ 35 ಡಿಗ್ರಿ ದಾಟುತ್ತೆ. ಅದರಲ್ಲಿ ಚಿತ್ರ ಮೂಡಿಸುವ ಕೆಮಿಕಲ್, ಡಿ-76 ಡೆವಲಪರ್, ಹಾಕಿದರೆ ಮೂರು-ನಾಲ್ಕು ನಿಮಿಷಕ್ಕೇ ಎಲ್ಲ ಮುಗಿಯುತ್ತೆ. ಫಿಲ್ಮಿನ ಅಂಚಿನ ತೂತುಗಳುದ್ದಕ್ಕೂ ಪಟ್ಟೆ, ನೆಗೆಟಿವ್‌ನಲ್ಲಿ ಆಕಾಶ ಬರೀ ಮಸಿ. ಐಸ್ ಇಟ್ಟು ಡೆವಲಪರ್ 20 ಡಿಗ್ರಿಗೆ ಇಳಿಸಿದೆ. ಆದರೆ ಕೊನೆಗೆ ಕೆಮಿಕಲ್ ತೊಳೆದು ತೆಗೆಯುವ ನೀರು ಬಿಸಿ ಇತ್ತಲ್ಲ, ಜಿಲೆಟಿನ್ ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತು. ಆ ರೀಲುಗಳು ಹೋದವು, ಹಣವೂ ಹೋಯಿತು.

ಕೊನೆಗೆ ಕೆಲಸ ಮಾಡಿದ್ದು ಮಣ್ಣಿನ ಹರವಿ. ರಾತ್ರಿಯೇ ತುಂಬಿಟ್ಟು ಒದ್ದೆ ಗೋಣಿ ಸುತ್ತುತ್ತೇನೆ. ನಮ್ಮ ಒಣ ಗಾಳಿಗೆ ಬೆಳಿಗ್ಗೆ 24ರ ಆಸುಪಾಸು ನಿಲ್ಲುತ್ತೆ. ಡೆವಲಪರ್, ಚಿತ್ರ ಅಳಿಯದಂತೆ ನಿಲ್ಲಿಸುವ ಹೈಪೋ, ತೊಳೆಯುವ ನೀರು ಎಲ್ಲಾ ಅದರಿಂದಲೇ. 20 ಡಿಗ್ರಿಯನ್ನೇ ಹಿಡಿಯುವ ಹಠ ಬಿಟ್ಟೆ. ಡೆವಲಪರಿಗೆ ಅಷ್ಟೇ ನೀರು ಬೆರೆಸಿ (1:1), 20 ಡಿಗ್ರಿಗೆ ಬೇಕಾದ 11 ನಿಮಿಷದ ಜಾಗದಲ್ಲಿ ಏಳೂವರೆ-ಎಂಟು ನಿಮಿಷ. ಮಳೆಗಾಲದಲ್ಲಿ ಹರವಿ ಅಷ್ಟು ತಣಿಸಲ್ಲ. ಅದಕ್ಕೆ ಬೇರೆ ಉಪಾಯ ಇದೆ, ಈಗ ಹೇಳಲ್ಲ.

ನಡುವೆ ಡೆವಲಪರ್ ಬದಲಿಗೆ ಇನ್‌ಸ್ಟಂಟ್ ಕಾಫಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಕಲಸಿಯೂ ನೋಡಿದೆ. ಚಿತ್ರ ಬಂತು, ಆದರೆ ಗ್ರೇನು, ಅಂದರೆ ಚಿತ್ರದ ಕಾಳುಕಾಳು, ಜೋರು. ನಾತಕ್ಕೆ ಮನೆಯವಳು ಬಚ್ಚಲಿನಿಂದ ಹೊರಗೆ ಹಾಕಿದಳು.

ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಕೊನೆಯ ಅದ್ದು ಬ್ಯಾಟರಿ ನೀರಲ್ಲಿ (ಡಿಸ್ಟಿಲ್ಡ್ ವಾಟರ್), ಜೊತೆಗೆ ಹನಿ ನಿಲ್ಲದೆ ಜಾರುವಂತೆ ಮಾಡುವ ವೆಟಿಂಗ್ ಏಜೆಂಟ್ ಒಂದೇ ಹನಿ. ಈಗ ಕೆಮಿಕಲ್ ಖರ್ಚು ರೀಲಿಗೆ ನೂರರ ಒಳಗೆ.