ಹೆಸರು ಮುಚ್ಚಿ ಓದಿ: ಅಮೆರಿಕದ ವಾಗ್ದಂಡನೆ ಚರ್ಚೆಯಲ್ಲಿ ನಮ್ಮ ತೀರ್ಮಾನ ನಾವೇ ಮಾಡುವುದು ಹೇಗೆ

2019ರ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿಯ ನಮ್ಮ ಮನೆಗೆ ಭಾವ ಬಂದಿದ್ದರು. ಟ್ರಂಪ್ ವಾಗ್ದಂಡನೆಯ ಮಾತು ಶುರುವಾಯಿತು. ಅನ್ನ ಸಾರು ತಟ್ಟೆಯಲ್ಲೇ ಆರಿಹೋಯಿತು, ಇಬ್ಬರೂ ಮುಖ ಕೊಟ್ಟು ಮಾತಾಡದೆ ಕೈ ತೊಳೆದೆವು. ಆರೋಪ ಪತ್ರವನ್ನು ನಾವಿಬ್ಬರೂ ಓದಿಯೇ ಇರಲಿಲ್ಲ. ಅವತ್ತಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ.

ಮೊದಲು ಪದ ಸರಿಮಾಡಿಕೊಳ್ಳಿ. ವಾಗ್ದಂಡನೆ ಆದ ತಕ್ಷಣ ಅಧಿಕಾರ ಹೋಗುವುದಿಲ್ಲ. 435 ಜನರ ಪ್ರತಿನಿಧಿ ಸಭೆ ಬಹುಮತದಿಂದ ಆರೋಪ ಹೊರಿಸುತ್ತದೆ, ಅಷ್ಟೇ. ವಿಚಾರಣೆ ಮೇಲ್ಮನೆಯಾದ ಸೆನೆಟ್‌ನದ್ದು. ಅಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು, ನೂರೂ ಜನ ಬಂದಿದ್ದರೆ 67. 1868ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಉಳಿದುಕೊಂಡಿದ್ದು ಒಂದೇ ಒಂದು ಮತದಿಂದ.

ಇನ್ನು ಅಳತೆಗೋಲು. ದೇಶದ್ರೋಹ, ಲಂಚ, ಅಥವಾ ಇತರ ಘೋರ ಅಪರಾಧ ಮತ್ತು ದುರ್ನಡತೆ, ಇಷ್ಟೇ ಸಂವಿಧಾನ ಹೇಳುವುದು. ಜಗಳವೆಲ್ಲ ಕೊನೆಯ ಮಾತಿನದ್ದು. 1787ರಲ್ಲಿ ಸಂವಿಧಾನ ಬರೆಯುವ ಸಭೆಯಲ್ಲಿ ಜಾರ್ಜ್ ಮೇಸನ್ ಅಲ್ಲಿ ‘ದುರಾಡಳಿತ’ ಅಂತ ಸೇರಿಸಲು ಹೊರಟಿದ್ದರು. ಇಷ್ಟು ಸಡಿಲ ಪದ ಹಾಕಿದರೆ ಅಧ್ಯಕ್ಷರು ಸೆನೆಟ್‌ನ ಮರ್ಜಿಯಲ್ಲೇ ಇರಬೇಕಾಗುತ್ತದೆ ಅಂತ ಅದೇ ಸಭೆಯಲ್ಲಿದ್ದ ಜೇಮ್ಸ್ ಮ್ಯಾಡಿಸನ್ ತಡೆದರು. ಅಂದರೆ ಕೆಟ್ಟ ನೀತಿ, ಒರಟು ಮಾತು ಇದಕ್ಕೆ ಸಾಲದು. ಹಾಗಂತ ದಂಡಸಂಹಿತೆಯ ಅಪರಾಧವೇ ಆಗಿರಬೇಕು ಅಂತಲೂ ಇಲ್ಲ, ಹೆಚ್ಚಿನ ಸಂವಿಧಾನ ತಜ್ಞರು ಇದನ್ನು ಒಪ್ಪುತ್ತಾರೆ.

ಈಗ ಮೂಲ ಕಾಗದ ಓದಿ. ಟ್ರಂಪ್ ಮತ್ತು ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ಅವರ 2019ರ ಜುಲೈ 25ರ ಫೋನ್ ಮಾತುಕತೆಯ ಟಿಪ್ಪಣಿ ಬರೀ ಐದು ಪುಟ. ನಾನು ಪ್ರಿಂಟ್ ತೆಗೆದು ಅಧ್ಯಕ್ಷರ ಹೆಸರಿನ ಮೇಲೆ ಹಳದಿ ಚೀಟಿ ಅಂಟಿಸಿದೆ. ಮೂರನೇ ಪುಟದಲ್ಲಿ ‘ಆದರೂ ನಮಗೊಂದು ಉಪಕಾರ ಮಾಡಿ’ ಅನ್ನುವ ಮಾತಿದೆ. ನಾನು ಇಷ್ಟಪಡುವ ಅಧ್ಯಕ್ಷರು, ಸೇನಾ ನೆರವು ತಡೆಹಿಡಿದಿರುವಾಗ, ಎದುರಾಳಿಯ ಮೇಲೆ ತನಿಖೆ ಮಾಡಿಸಿ ಅಂತ ಇದೇ ಮಾತು ಹೇಳಿದ್ದರೆ ಸುಮ್ನೆ ಬಿಡುತ್ತಿದ್ದೆನಾ? ಉತ್ತರ ಹೇಳಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಪಕ್ಷದ ನಾಯಕರ ಮಾತನ್ನೂ ಹೀಗೇ ತಿರುಗಿಸಿ ನೋಡಿ. ಅಧಿಕಾರ ಹೋಗಲು ಅಪರಾಧ ಸಾಬೀತಾಗಲೇಬೇಕೆಂದಿಲ್ಲ ಅಂತ ಡೆಮಾಕ್ರಟಿಕ್ ಅಧ್ಯಕ್ಷ ಕ್ಲಿಂಟನ್ ವಿರುದ್ಧ ವಾದಿಸಿದ್ದ ರಿಪಬ್ಲಿಕನ್ ನಾಯಕ ಲಿಂಡ್ಸೆ ಗ್ರಹಾಂ, 2020ರಲ್ಲಿ ಟ್ರಂಪ್ ಪರ ನಿಂತರು. ಒಂದೇ ಪಕ್ಷದ ಬಲದಿಂದ ವಾಗ್ದಂಡನೆ ಆಗಲೇಬಾರದು ಅಂತ 1998ರಲ್ಲಿ ಕ್ಲಿಂಟನ್ ವಿಷಯದಲ್ಲಿ ಹೇಳಿದ್ದ ಡೆಮಾಕ್ರಟಿಕ್ ನಾಯಕ ಜೆರ್ರಿ ನ್ಯಾಡ್ಲರ್, 2019ರಲ್ಲಿ ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿ ಒಬ್ಬ ರಿಪಬ್ಲಿಕನ್ ಮತವೂ ಸಿಗದ ವಾಗ್ದಂಡನೆಯನ್ನು ಮುಂದಕ್ಕೆ ತಂದರು. ಹಾಗಾಗಿ ನಾನು ಸ್ವಂತ ಪಕ್ಷ ಬಿಟ್ಟು ಮತ ಹಾಕಿದವರನ್ನು ಹುಡುಕುತ್ತೇನೆ. 1974ರಲ್ಲಿ ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್ ಮೇಲಿನ ಮೊದಲ ಆರೋಪ ಇದೇ ಸಮಿತಿಯಲ್ಲಿ 27-11ರಿಂದ ಗೆದ್ದಾಗ ಆರು ರಿಪಬ್ಲಿಕನ್ನರು ಜೊತೆಗಿದ್ದರು. 2021ರಲ್ಲಿ ಟ್ರಂಪ್ ಅವರ ಎರಡನೇ ವಾಗ್ದಂಡನೆಯ ಸೆನೆಟ್ ಮತದಲ್ಲಿ ಏಳು ರಿಪಬ್ಲಿಕನ್ನರು. ಅದೇ ಸಾಕ್ಷಿ ಅಂತಲ್ಲ, ಆದರೆ ಅವರು ಕೊಟ್ಟ ಕಾರಣ ಓದಲೇಬೇಕು.

ಕೊನೆಗೆ ಮೂರು ಪ್ರಶ್ನೆ ಬೇರೆ ಬೇರೆ ಇಡಿ. ಇದು ನಡೆಯಿತಾ? ಅಷ್ಟು ದೊಡ್ಡ ತಪ್ಪಾ? ಕುರ್ಚಿಯಿಂದ ಇಳಿಸುವುದೇ ಪರಿಹಾರವಾ? ಕ್ಲಿಂಟನ್ ಮಾಡಿದ್ದು ತಪ್ಪು, ಆದರೆ ಇಳಿಸುವಷ್ಟಲ್ಲ ಅಂತ 1999ರಲ್ಲಿ ಎಷ್ಟೋ ಸೆನೆಟರುಗಳು ಹೇಳಿದರು. ಆ ನಿಲುವು ಒಪ್ಪಬಹುದು, ಬಿಡಬಹುದು, ಆದರೆ ಅದರಲ್ಲಿ ಸುಳ್ಳಿಲ್ಲ, ಅಲ್ವಾ?

2021ರ ಫೆಬ್ರವರಿಯಲ್ಲಿ ಭಾವನ ಜೊತೆ ಮತ್ತೆ ಕೂತೆ. ಈ ಸಲ ಕಾಗದ ಮುಂದಿಟ್ಟುಕೊಂಡು. ಜನವರಿ 6ರಂದು ಟ್ರಂಪ್ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದಾಗ ಏನಾಯಿತು ಅನ್ನುವುದರಲ್ಲಿ ಜಗಳವೇ ಬರಲಿಲ್ಲ. ಅಧಿಕಾರದಿಂದ ಇಳಿದಾಗಿರುವವರನ್ನು ಸೆನೆಟ್ ವಿಚಾರಣೆ ಮಾಡಬಹುದಾ ಅನ್ನುವುದರಲ್ಲಿ ಬಂತು. ಸೆನೆಟ್ ಅದನ್ನು 56-44ರಿಂದ ಸರಿ ಅಂದಿತ್ತು, ಭಾವ ಇವತ್ತಿಗೂ ಒಪ್ಪಿಲ್ಲ.